ತಿಕೋಟಾ ರೋಡು, ಆಷಾಢದ ಗಾಳಿ ಮತ್ತು ಮೂರು ಯೂನಿಟ್‌ನ ಗಾಡಿ

ಎಲೆಕ್ಟ್ರಿಕ್ ಸ್ಕೂಟರ್ ತಗೊಂಡು ಒಂದು ವರ್ಷದ ಮೇಲಾಯಿತು. ಗಾಡಿ ನಿಲ್ಲಿಸಿದ ಕಡೆಯೆಲ್ಲ ಜನ ಕೇಳುವುದು ಒಂದೇ ಮಾತು, "ಒಂದ್ ಸಲ ಚಾರ್ಜ್ ಮಾಡಿದ್ರ ಎಷ್ಟ್ ಓಡ್ತದರೀ?" ಚಹಾದ ಅಂಗಡಿಯವರೂ ಕೇಳುತ್ತಾರೆ, ನಮ್ಮ ಪತ್ತಿನ ಸೊಸೈಟಿಗೆ ಪಿಗ್ಮಿ ದುಡ್ಡು ಕೂಡಿಸುವ ಹುಡುಗರೂ ಕೇಳುತ್ತಾರೆ. ಒಂದು ಅಂಕಿ ಹೇಳಿ ಮುಗಿಸಬಹುದು. ಆದರೆ ಆ ಅಂಕಿ ಮಾರ್ಚ್‌ನಲ್ಲಿ ಒಂದು, ಜುಲೈನಲ್ಲಿ ಇನ್ನೊಂದು, ಹೋಗುವಾಗ ಒಂದು, ಬರುವಾಗ ಇನ್ನೊಂದು. ಅದಕ್ಕೇ ಆನ್‌ಲೈನ್‌ನಲ್ಲಿ ಹುಡುಕಾಡಿದ್ದರಿಂದ ಹಿಡಿದು ಎಲ್ಲ ಬರೆದುಬಿಡೋಣ ಅಂತ ಕೂತಿದ್ದೇನೆ.

ನನ್ನ ಮನೆ ವಿಜಯಪುರದಲ್ಲಿ. ಕೆಲಸ ತಿಕೋಟಾದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ, ಲೆಕ್ಕಪತ್ರ ನೋಡುವುದು. ಅಥಣಿ ರೋಡ್ ಹಿಡಿದು, ತೊರವಿ ದಾಟಿ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವನ್ನೂ ಹಿಂದೆ ಬಿಟ್ಟು ಸೀದಾ ಪಶ್ಚಿಮಕ್ಕೆ ಹೋಗಬೇಕು. ಒಂದು ಕಡೆಗೆ ಸುಮಾರು 20 ಕಿಲೋಮೀಟರ್. ಸಂಜೆ ಎಲ್‌ಬಿಎಸ್ ಮಾರ್ಕೆಟ್‌ನಲ್ಲಿ ಕಾಯಿಪಲ್ಯ, ಮಗಳ ಟ್ಯೂಷನ್, ಒಮ್ಮೊಮ್ಮೆ ಸಿದ್ಧೇಶ್ವರ ಗುಡಿ, ಎಲ್ಲ ಸೇರಿದರೆ ದಿನಕ್ಕೆ 50 ಅಂತ ಇಟ್ಟುಕೊಳ್ಳಿ.

"ಹೆಣ್ಣಮಕ್ಕಳಿಗೆ ಬಸ್ ಫ್ರೀ ಅದ, ನಿನಗ ಗಾಡಿ ಯಾಕ ಬೇಕವಾ?" ಅಂದರು ನಮ್ಮ ಅತ್ತೆ. ಮಾತು ಸರಿಯೇ. ಜೂನ್ 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾನೂ ಬಸ್ಸಲ್ಲೇ ಓಡಾಡಿದವಳು. ಆದರೆ ಬೆಳಿಗ್ಗೆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ತಿಂಗಳ ಕೊನೆಗೆ ಲೆಕ್ಕ ಹೊಂದಿಸಿ ಹೊರಗೆ ಬರುವಷ್ಟರಲ್ಲಿ ಸರಿಯಾದ ಬಸ್ಸು ಹೋಗಿಬಿಟ್ಟಿರುತ್ತದೆ. ಮನೆಯಲ್ಲಿದ್ದ ಹಳೆಯ ಸ್ಕೂಟಿ ಲೀಟರಿಗೆ 40ರ ಆಸುಪಾಸು ಕೊಡುತ್ತಿತ್ತು. ಪೆಟ್ರೋಲ್ ನೂರರ ಮೇಲೆ. ತಿಂಗಳಿಗೆ ಮೂರು ಸಾವಿರ ಬರೀ ಪೆಟ್ರೋಲಿಗೆ ಹಾಕುವುದು ನನ್ನ ಸಂಬಳಕ್ಕೆ ಜಾಸ್ತಿಯೇ.

ಹಾಗಾಗಿ ರಾತ್ರಿ ಅಡುಗೆಮನೆ ಕೆಲಸ ಮುಗಿಸಿ ಮೊಬೈಲ್ ಹಿಡಿದು ಹುಡುಕಲು ಶುರು ಮಾಡಿದೆ. ಹುಡುಕಿದ ಕೂಡಲೇ ಎರಡು ಜಾತಿಯ ಗಾಡಿಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಒಂದು, 40-50 ಸಾವಿರದೊಳಗಿನವು, "ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ" ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅದು ಸುಳ್ಳಲ್ಲ. ಮೋಟಾರ್ 250 ವ್ಯಾಟ್ ದಾಟದೆ, ವೇಗ ಗಂಟೆಗೆ 25 ಕಿಲೋಮೀಟರ್ ದಾಟದೆ ಇದ್ದರೆ ಕಾನೂನು ಅದನ್ನು ಮೋಟಾರು ವಾಹನ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಊರೊಳಗೆ ಗಾಂಧಿ ಚೌಕಕ್ಕೆ ಹೋಗಿ ಬರುವವರಿಗೆ ಸಾಕು. ಅಥಣಿ ರೋಡಿನಲ್ಲಿ, ಹಿಂದೆ ಕಬ್ಬಿನ ಟ್ರ್ಯಾಕ್ಟರು, ಲಾರಿ ಹಾರ್ನ್ ಹೊಡೆಯುತ್ತಿರುವಾಗ 25ರಲ್ಲಿ ಹೋಗುವ ಧೈರ್ಯ ನನಗಿಲ್ಲ. ಇನ್ನೊಂದು, ನಂಬರ್ ಪ್ಲೇಟ್ ಇರುವ ಪೂರ್ತಿ ಸ್ಕೂಟರ್. ಎಲೆಕ್ಟ್ರಿಕ್ ಆದರೆ ಪ್ಲೇಟು ಹಸಿರು, ಅದರ ಮೇಲೆ ಬಿಳಿ ಅಕ್ಷರ. ನನಗೆ ಬೇಕಾಗಿದ್ದದ್ದು ಇದು.

ಎರಡೂ ಜಾತಿಯಲ್ಲಿ ದೊಡ್ಡದಾಗಿ ಕಾಣುವುದು ಮಾತ್ರ ಒಂದೇ: ಇಷ್ಟು ಕಿಲೋಮೀಟರ್ ರೇಂಜ್, ಅಂದರೆ ಒಂದು ಸಲ ಚಾರ್ಜ್ ಮಾಡಿದರೆ ಓಡುವ ದೂರ. 80, 95, 120, 150. ಕಿಲೋಮೀಟರ್ ಜಾಸ್ತಿ ಆದ ಹಾಗೆ ರೇಟೂ ಜಾಸ್ತಿ. ಆದರೆ ಒಂದೇ ರೇಟಿಗೆ ಒಬ್ಬರು 95 ಅಂದರೆ ಇನ್ನೊಬ್ಬರು 130 ಅನ್ನುತ್ತಾರಲ್ಲ, ಇದು ಹೇಗೆ ಅಂತ ಕುತೂಹಲ ಆಯಿತು. ಲೆಕ್ಕದವಳಿಗೆ ತಾಳೆ ಆಗದ ಅಂಕಿ ಕಂಡರೆ ನಿದ್ದೆ ಬರುವುದಿಲ್ಲ.

ಕೆಳಗೆ ಸರಿಸುತ್ತ ಹೋದರೆ ಸಣ್ಣ ಅಕ್ಷರದಲ್ಲಿ ಬ್ಯಾಟರಿಯ ಅಳತೆ ಇರುತ್ತದೆ. ಕಿಲೋವ್ಯಾಟ್ ಅವರ್ ಅಂತ. 2.2, 2.9, 3.7, ಹೀಗೆ. ಇದನ್ನು ನೋಡಿ ಹೆದರಬೇಕಾಗಿಲ್ಲ, ಇದು ಹೆಸ್ಕಾಂ ಬಿಲ್ಲಿನಲ್ಲಿ ಪ್ರತಿ ತಿಂಗಳು ನಾವು ನೋಡುವ ಯೂನಿಟ್ಟೇ. ಒಂದು ಕಿಲೋವ್ಯಾಟ್ ಅವರ್ ಅಂದರೆ ಒಂದು ಯೂನಿಟ್, ಅಷ್ಟೇ. 2.9 ಬ್ಯಾಟರಿ ಅಂದರೆ ಮೂರು ಯೂನಿಟ್ ಹತ್ತಿರ ಕರೆಂಟ್ ಹಿಡಿಯುವ ಡಬ್ಬಿ. ಕೆಲವರು ಇದನ್ನೂ ಕೊಟ್ಟಿರುವುದಿಲ್ಲ, ಬರೀ ವೋಲ್ಟ್ ಮತ್ತು ಆಂಪಿಯರ್ ಅವರ್ ಕೊಟ್ಟಿರುತ್ತಾರೆ. ಆಗ ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. 48 ವೋಲ್ಟ್, 24 ಆಂಪಿಯರ್ ಅವರ್ ಅಂದರೆ 1,152, ಅಂದರೆ ಯೂನಿಟ್ ಲೆಕ್ಕದಲ್ಲಿ 1.15. ಇದನ್ನೂ ಕೊಡದೆ ಬರೀ "ಪವರ್‌ಫುಲ್ ಬ್ಯಾಟರಿ" ಅಂತ ಬರೆದಿದ್ದರೆ ಆ ಪೇಜ್ ಮುಚ್ಚಿಬಿಡಿ.

ಯೂನಿಟ್ ಕೈಗೆ ಸಿಕ್ಕ ಮೇಲೆ ಆಟ ಸುಲಭ. ಕಂಪನಿ ಹೇಳಿದ ಕಿಲೋಮೀಟರನ್ನು ಯೂನಿಟ್‌ನಿಂದ ಭಾಗಿಸುವುದು. 2.9ಕ್ಕೆ 120 ಅಂದರೆ ಯೂನಿಟ್ಟಿಗೆ 41 ಕಿಲೋಮೀಟರ್ ಚಿಲ್ಲರೆ. ನಾನು ಒಂದು ಹಾಳೆಯಲ್ಲಿ ಕಂಡ ಗಾಡಿಗಳನ್ನೆಲ್ಲ ಹೀಗೆ ಬರೆದೆ. ಹೆಸರುವಾಸಿ ಗಾಡಿಗಳೆಲ್ಲ ಹೆಚ್ಚು ಕಡಿಮೆ ಅದೇ ಸಾಲಿನಲ್ಲಿ ಬಂದವು. ಒಂದೆರಡು ಮಾತ್ರ ಯೂನಿಟ್ಟಿಗೆ 60ರ ಮೇಲೆ ಹೋದವು. ಅವೇನು ಹಗುರವೂ ಅಲ್ಲ, ನಿಧಾನದವೂ ಅಲ್ಲ. ಅವನ್ನು ಅಲ್ಲೇ ಹೊಡೆದು ಹಾಕಿದೆ.

ಇನ್ನು ಆ 41 ಎಲ್ಲಿಂದ ಬಂತು? ನಮ್ಮ ದೇಶದಲ್ಲಿ ಗಾಡಿಗಳನ್ನು ಪುಣೆಯ ಎಆರ್‌ಎಐ, ಮಾನೇಸರ್‌ನ ಐಕ್ಯಾಟ್‌ನಂಥ ಸಂಸ್ಥೆಗಳು ಪರೀಕ್ಷೆ ಮಾಡುತ್ತವೆ. ಐಡಿಸಿ ರೇಂಜ್ ಅಂತ ಬರೆದಿರುತ್ತಾರಲ್ಲ, ಅದು ಇಂಡಿಯನ್ ಡ್ರೈವಿಂಗ್ ಸೈಕಲ್ ಅನ್ನುವ ಕ್ರಮ. ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, ವೇಗ ಏರಿಸುವುದು, ಇಳಿಸುವುದು, ನಿಲ್ಲಿಸುವುದು, ಮತ್ತೆ ಶುರು ಮಾಡುವುದು, ಇದೇ ಸುತ್ತನ್ನು ಬ್ಯಾಟರಿ ಮುಗಿಯುವವರೆಗೆ ಓಡಿಸುತ್ತಾರೆ. ಆ ಸುತ್ತಿನಲ್ಲಿ ಅತಿ ಹೆಚ್ಚಿನ ವೇಗ 42, ಸರಾಸರಿ 22ರ ಆಸುಪಾಸು. ಹಿಂದೆ ಕೂತವರಿಲ್ಲ, ಕಾಯಿಪಲ್ಯದ ಚೀಲ ಇಲ್ಲ, ಎದುರುಗಾಳಿ ಇಲ್ಲ. ಎಲ್ಲ ಗಾಡಿಗೂ ಒಂದೇ ಪರೀಕ್ಷೆ ಆದ್ದರಿಂದ ಒಂದನ್ನೊಂದು ಹೋಲಿಸಿ ನೋಡಲು ಇದು ಒಳ್ಳೆಯದೇ. ಮೋಸ ಅಂತ ನಾನು ಹೇಳುವುದಿಲ್ಲ. ಆದರೆ ಆ ರೋಲರ್ ತಿಕೋಟಾಕ್ಕೆ ಹೋಗುವುದಿಲ್ಲವಲ್ಲ.

ನನ್ನ ಪುಣ್ಯಕ್ಕೆ ತಿಕೋಟಾದಲ್ಲೇ ಒಂದು ಒಣದ್ರಾಕ್ಷಿ ವ್ಯಾಪಾರದ ಅಂಗಡಿಯ ಹುಡುಗ 2.9ರ ಗಾಡಿ ಇಟ್ಟುಕೊಂಡಿದ್ದ. ದಿನಾ ವಿಜಯಪುರದಿಂದಲೇ ಬರುತ್ತಿದ್ದ. ಅದು ಫೆಬ್ರುವರಿ, ದ್ರಾಕ್ಷಿ ಹಂಗಾಮು, ಅವನಿಗೆ ಮಾತಾಡಲು ಪುರುಸೊತ್ತಿಲ್ಲ. ಆದರೂ ನಿಲ್ಲಿಸಿ ಕೇಳಿದೆ, ಎಷ್ಟು ಕೊಡುತ್ತಪ್ಪ ಅಂತ. ಅವನು ನಕ್ಕ. "ಮೇಡಮ್ಮಾರ, ಈಗ ಕೇಳಬ್ಯಾಡ್ರಿ. ಆಷಾಢದಾಗ ಕೇಳ್ರಿ."

ನನ್ನ ಪೂರ್ತಿ ಲೆಕ್ಕ ಆ ಒಂದು ಮಾತಿನ ಮೇಲೆ ನಿಂತಿದೆ. ಕಂಪನಿ ಒಳ್ಳೆಯ ದಿನದ ಅಂಕಿ ಕೊಡುತ್ತದೆ, ನಾವು ವರ್ಷದ ಅತಿ ಕೆಟ್ಟ ದಿನದ ಅಂಕಿ ಹಿಡಿದು ಕೊಳ್ಳಬೇಕು. ನನ್ನ ಕೆಟ್ಟ ದಿನ ಯಾವುದು? ಆಷಾಢ. ಈ ಕಡೆ ಬಯಲು ಸೀಮೆಯಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ, ಮಳೆ ಬರಲಿ ಬಿಡಲಿ, ಪಡುವಣ ಗಾಳಿ ಮಾತ್ರ ಒಂದೇ ಸಮ ಬೀಸುತ್ತದೆ. ನನ್ನ ರಸ್ತೆಯೂ ಪಶ್ಚಿಮಕ್ಕೇ. ಎರಡೂ ಬದಿ ಹೊಲ, ಮರ ಕಡಿಮೆ. ಹಿಂದೆ ಒಬ್ಬರು ಕೂತಿರುತ್ತಾರೆ ಅಂತಲೂ ಹಿಡಿಯಬೇಕು, ಯಾಕೆಂದರೆ ನಮ್ಮ ಕ್ಯಾಷಿಯರ್ ಅಕ್ಕ ವಾರದಲ್ಲಿ ಒಂದೆರಡು ದಿನ ಬಂದೇ ಬರುತ್ತಾರೆ.

ಆ ಹುಡುಗನಿಂದ ಅವನ ಗಾಡಿಯ ಆ್ಯಪ್‌ನಲ್ಲಿದ್ದ ಹಳೆಯ ಓಡಾಟದ ಲೆಕ್ಕ ನೋಡಿಕೊಂಡೆ. ಹಿತವಾದ ದಿನ ಯೂನಿಟ್ಟಿಗೆ 35 ಕಿಲೋಮೀಟರ್. ಜುಲೈ ತಿಂಗಳಲ್ಲಿ ಹಿಂದೆ ಸಾಮಾನು ಹೇರಿಕೊಂಡು ಬಂದ ದಿನ 26. ನಾನು ಹಿಡಿದದ್ದು 26ನ್ನೇ. ಆಮೇಲೆ 2.9 ಅಂದರೆ ಪೂರ್ತಿ 2.9 ನಮ್ಮ ಕೈಗೆ ಸಿಗುವುದಿಲ್ಲ. ಬ್ಯಾಟರಿಯ ಒಳಗೆ ಬಿಎಂಎಸ್ ಅಂತ ಒಂದು ಕಾವಲುಗಾರ ಇರುತ್ತದೆ, ಸೆಲ್‌ಗಳು ಪೂರ್ತಿ ತುಂಬಿ ತುಳುಕದ ಹಾಗೆ, ಪೂರ್ತಿ ಬರಿದಾಗದ ಹಾಗೆ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ. ಕೊನೆಯ ಹತ್ತು ಹದಿನೈದು ಪರ್ಸೆಂಟ್‌ನಲ್ಲಿ ಗಾಡಿ ವೇಗವನ್ನೇ ಕಡಿಮೆ ಮಾಡಿಬಿಡುತ್ತದೆ. ಆದ್ದರಿಂದ ಧೈರ್ಯವಾಗಿ ಬಳಸಲು ಸಿಗುವುದು 2.5 ಅಂತ ಹಿಡಿದೆ. 2.5 ಗುಣಿಸು 26, ಅಂದರೆ 65 ಕಿಲೋಮೀಟರ್. ಇನ್ನೂ ಮುಗಿಯಲಿಲ್ಲ. ಲಿಥಿಯಂ ಬ್ಯಾಟರಿ ವರ್ಷ ಕಳೆದ ಹಾಗೆ ಹಿಡಿತ ಕಳೆದುಕೊಳ್ಳುತ್ತದೆ. ಐದಾರು ವರ್ಷದ ಮೇಲೆ 80 ಪರ್ಸೆಂಟ್ ಉಳಿಯಿತು ಅಂದುಕೊಂಡರೆ 52. ನನಗೆ ಬೇಕಾದದ್ದು 50.

120 ಅಂತ ಬರೆದ ಗಾಡಿ ನನ್ನ ಪಾಲಿಗೆ 52ರದ್ದು. ಇದನ್ನು ಹೇಳಿದಾಗ ನಮ್ಮ ಮನೆಯವರು, "ಹಂಗಾದ್ರ ದೊಡ್ಡ ಬ್ಯಾಟರೀದ ತಗೊಳ್ಳೋಣಲ್ಲ?" ಅಂದರು. 3.7ಕ್ಕೆ ಹೋದರೆ ಇಪ್ಪತ್ತೈದು ಮೂವತ್ತು ಸಾವಿರ ಜಾಸ್ತಿ. ಆ ದುಡ್ಡು ವರ್ಷದಲ್ಲಿ ಎಷ್ಟು ದಿನ ಕೆಲಸಕ್ಕೆ ಬರುತ್ತದೆ? ನನಗೆ ಬರುವುದಿಲ್ಲ. 2.2 ತಗೊಂಡರೆ ಕೆಟ್ಟ ದಿನ ಸಂಜೆ ತೊರವಿಯಲ್ಲಿ ನಿಂತುಬಿಡುತ್ತೇನೆ, ಅಥವಾ ಸೊಸೈಟಿಯಲ್ಲಿ ದಿನಾ ಚಾರ್ಜಿಗೆ ಹಾಕಬೇಕು. ಹಾಗಾಗಿ 2.9 ಅಂತ ಗಟ್ಟಿ ಮಾಡಿದೆ.

ಕೊಳ್ಳುವ ಕಥೆ ಸ್ವಲ್ಪ ಹೇಳುತ್ತೇನೆ. ಆನ್‌ಲೈನ್ ಅಂದರೆ ಮಿಕ್ಸಿ ಬಂದ ಹಾಗೆ ಡಬ್ಬಿಯಲ್ಲಿ ಬಾಗಿಲಿಗೆ ಬರುತ್ತದೆ ಅಂತ ಪಕ್ಕದ ಮನೆಯವರು ಕಾದು ಕೂತಿದ್ದರು. ಹಾಗೆ ಬರುವುದಿಲ್ಲ. ನಂಬರ್ ಬರುವ ಗಾಡಿ ಆದರೆ ದುಡ್ಡು ಆನ್‌ಲೈನ್‌ನಲ್ಲಿ ಕಟ್ಟಿದರೂ ಕಾಗದಪತ್ರ, ರಿಜಿಸ್ಟ್ರೇಷನ್, ಗಾಡಿ ಕೈಗೆ ಕೊಡುವುದು ಎಲ್ಲ ಡೀಲರ್ ಮೂಲಕವೇ. ಮೊದಲು ಪಿನ್‌ಕೋಡ್ ಹಾಕಿ ನೋಡಬೇಕು. ನಾನು 586101 ಹಾಕಿದರೆ ಕೆಲವು ಗಾಡಿಗಳು "ನಿಮ್ಮ ಜಾಗಕ್ಕೆ ಇಲ್ಲ" ಅಂದವು, ಇನ್ನು ಕೆಲವು ಹುಬ್ಬಳ್ಳಿಗೆ ಬಾ ಅಂದವು. ಹುಬ್ಬಳ್ಳಿಯಿಂದ ಗಾಡಿ ತಂದರೆ ಸರ್ವಿಸ್‌ಗೂ ಹುಬ್ಬಳ್ಳಿಗೇ ಹೋಗಬೇಕು. ನನ್ನ ಪಟ್ಟಿಯಲ್ಲಿ ಅರ್ಧ ಅಲ್ಲೇ ಖಾಲಿ. ಊರಲ್ಲಿ ಸರ್ವಿಸ್ ಇರುವ ಗಾಡಿಗಳನ್ನು ಮಾತ್ರ ಇಟ್ಟುಕೊಂಡೆ. ಯಾವ ಕಂಪನಿ ಅಂತ ಕೇಳಬೇಡಿ, ಹೇಳಿದರೆ ಪ್ರಚಾರ ಆಗುತ್ತದೆ.

ಪೇಜಿನಲ್ಲಿ ಕಾಣುವ ರೇಟು ಎಕ್ಸ್ ಶೋರೂಮ್ ರೇಟು. ಅದರ ಮೇಲೆ ಇನ್ಶೂರೆನ್ಸ್ ಇದೆ, ಹೊಸ ಗಾಡಿಗೆ ಥರ್ಡ್ ಪಾರ್ಟಿ 5 ವರ್ಷದ್ದು ಒಟ್ಟಿಗೇ ಕಟ್ಟಲೇಬೇಕು. ನಾನು ತಗೊಂಡಾಗ ಕರ್ನಾಟಕದಲ್ಲಿ ಎಲೆಕ್ಟ್ರಿಕ್ ಸ್ಕೂಟರಿಗೆ ರೋಡ್ ಟ್ಯಾಕ್ಸ್ ಇರಲಿಲ್ಲ. ಆರ್‌ಸಿ ಫೀಸನ್ನು ಕೇಂದ್ರ ಸರ್ಕಾರ 2021ರಲ್ಲೇ ತೆಗೆದಿದೆ. ಇದು ಗೊತ್ತಿದ್ದರೆ ಒಳ್ಳೆಯದು, ಯಾಕೆಂದರೆ ಡೀಲರ್ ಕೊಟ್ಟ ಚೀಟಿಯಲ್ಲಿ "ಹ್ಯಾಂಡ್ಲಿಂಗ್" ಅಂತ ಒಂದು ಸಾಲು ಇತ್ತು. ಇದು ಯಾವುದಕ್ಕೆ ಅಂತ ಬಿಲ್ಲಿನಲ್ಲಿ ಬರೆದು ಕೊಡಿ ಅಂದೆ. ಆ ಹುಡುಗ ಒಳಗೆ ಹೋಗಿ ಬಂದ, ಆ ಸಾಲು ಮಾಯ. ಜಗಳ ಆಡಲಿಲ್ಲ, ಸುಮ್ನೆ ಬರೆದು ಕೊಡಿ ಅಂದದ್ದಷ್ಟೇ.

ಸಬ್ಸಿಡಿ ಬಗ್ಗೆ ಜನರಿಗೆ ಗೊಂದಲ ಇದೆ. ಅದು ನಮ್ಮ ಖಾತೆಗೆ ಬರುವುದಿಲ್ಲ, ರೇಟಿನಲ್ಲೇ ಕಳೆದಿರುತ್ತಾರೆ. ಆಮೇಲೆ ಕಂಪನಿಯವರು ಸರ್ಕಾರದಿಂದ ವಸೂಲಿ ಮಾಡಿಕೊಳ್ಳುತ್ತಾರೆ. ಅಕ್ಟೋಬರ್ 2024ರಲ್ಲಿ ಶುರುವಾದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಮೊದಲು ಬ್ಯಾಟರಿಯ ಪ್ರತಿ ಯೂನಿಟ್ಟಿಗೆ 5,000 ರೂಪಾಯಿ, ಒಟ್ಟು 10,000 ದಾಟದ ಹಾಗೆ. ಏಪ್ರಿಲ್ 2025ರಿಂದ ಅದು ಅರ್ಧ ಆಯಿತು. ನಾನು 2025ರ ಶಿವರಾತ್ರಿ ಹೊತ್ತಿಗೆ ಬುಕ್ ಮಾಡಿದ್ದಕ್ಕೆ ಪೂರ್ತಿ ಹತ್ತು ಸಾವಿರ ಸಿಕ್ಕಿತು. ನೋಡಿ, ಸರ್ಕಾರ ಕೂಡ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು ಕೊಡಲಿಲ್ಲ, ಯೂನಿಟ್ ಲೆಕ್ಕದಲ್ಲೇ ಕೊಟ್ಟಿತು. ಇದಕ್ಕೆ ಆಧಾರ್ ಮೂಲಕ ಇ-ವೋಚರ್, ಅಂದರೆ ಸಬ್ಸಿಡಿಯ ಚೀಟಿ, ಆಗಬೇಕಿತ್ತು, ಮೊಬೈಲಿಗೆ ಲಿಂಕ್ ಬರುತ್ತಿತ್ತು, ಸಹಿ ಹಾಕಿ ಕೊಡಬೇಕಿತ್ತು, ಗಾಡಿ ಜೊತೆ ಒಂದು ಸೆಲ್ಫಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಈಗಲೂ ನಿಮ್ಮ ಹತ್ತಿರವೇ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನನ್ನ ಮುಂದೆ ಕೂತಿದ್ದ ಒಬ್ಬ ಕಾಕಾ ಅವರ ನಂಬರ್ ಸೊಸೆ ಹತ್ತಿರ ಇತ್ತು, ಸೊಸೆ ತವರಿಗೆ ಹೋಗಿದ್ದಳು, ಓಟಿಪಿ ಹೇಳಲು ಅವಳ ಫೋನ್ ಹತ್ತುತ್ತಿರಲಿಲ್ಲ. ಪಾಪ, ಇಡೀ ಮಧ್ಯಾಹ್ನ ಕೂತಿದ್ದರು.

ಚಾರ್ಜಿಂಗ್ ಬಗ್ಗೆ ಅತ್ತೆಗೆ ದೊಡ್ಡ ಹೆದರಿಕೆ ಇತ್ತು, ಮನೆ ವೈರಿಂಗ್ ಸುಟ್ಟು ಹೋಗುತ್ತದೆ ಅಂತ. ನನ್ನ ಚಾರ್ಜರ್ ಎಳೆಯುವುದು 700-800 ವ್ಯಾಟ್, ಬಚ್ಚಲ ಮನೆಯ ಗೀಸರ್ ಇದರ ಎರಡರಷ್ಟಕ್ಕೂ ಮೇಲೆ ಎಳೆಯುತ್ತದೆ. ಆದರೆ ಗೀಸರ್ ಹದಿನೈದು ನಿಮಿಷ, ಇದು ನಾಲ್ಕೈದು ಗಂಟೆ ಒಂದೇ ಸಮ. ಅದಕ್ಕೆ ಎಲೆಕ್ಟ್ರಿಷಿಯನ್ ಕರೆದು ಪಡಸಾಲೆಯ ಹೊರಗೆ ದಪ್ಪ ವೈರ್ ಎಳೆಸಿ, ದೊಡ್ಡ ಮೂರು ಪಿನ್ನಿನ 15 ಆಂಪ್ ಪ್ಲಗ್ ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿದೆ. ನಮ್ಮದು ಹಳೆಯ ಮನೆ, ಅರ್ಥಿಂಗ್ ಹೆಸರಿಗೆ ಮಾತ್ರ ಇತ್ತು. ಹೊಸದಾಗಿ ತೋಡಿಸಬೇಕಾಯಿತು. ಇದನ್ನು ಬಿಟ್ಟು ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡುವವರನ್ನು ನೋಡಿದರೆ ನನಗೇ ಭಯ ಆಗುತ್ತದೆ.

ಗೃಹಜ್ಯೋತಿ ಇರುವ ಮನೆಯವರು ಇದನ್ನು ಗಮನ ಇಟ್ಟು ಓದಿ. 200 ಯೂನಿಟ್ ಫ್ರೀ ಅಂತ ಎಲ್ಲರೂ ಅನ್ನುತ್ತಾರೆ, ಆದರೆ ಹೆಚ್ಚಿನ ಮನೆಗಳಿಗೆ ಫ್ರೀ ಇರುವುದು 2022-23ರ ತಮ್ಮ ತಿಂಗಳ ಸರಾಸರಿ ಮತ್ತು ಅದರ ಮೇಲೆ 10 ಪರ್ಸೆಂಟ್ ಮಾತ್ರ. ಸರಾಸರಿ 110 ಇತ್ತು ಅನ್ನಿ, 121ರವರೆಗೆ ಫ್ರೀ. ದಿನಕ್ಕೆ 50 ಕಿಲೋಮೀಟರ್ ಓಡಿದರೆ ಗೋಡೆಯಿಂದ ಎಳೆಯುವುದು ಒಂದೂವರೆ ಯೂನಿಟ್ಟಿಗೆ ಸ್ವಲ್ಪ ಮೇಲೆ, ಯಾಕೆಂದರೆ ಚಾರ್ಜರ್ ಬಿಸಿ ಆಗಿ ಹತ್ತಕ್ಕೆ ಒಂದು ಪಾಲಾದರೂ ಅಲ್ಲೇ ಕಳೆದುಹೋಗುತ್ತದೆ. ತಿಂಗಳಿಗೆ 40 ಯೂನಿಟ್ ಹತ್ತಿರ. ಮಿತಿ ದಾಟಿದಷ್ಟಕ್ಕೆ ಬಿಲ್ ಬರುತ್ತದೆ. ಅದು ದೊಡ್ಡ ಮಾತಲ್ಲ. ಆದರೆ ಬೇಸಿಗೆಯಲ್ಲಿ ಕೂಲರ್, ಫ್ಯಾನ್ ಎಲ್ಲ ಸೇರಿ ಒಟ್ಟು 200 ದಾಟಿತೋ, ಆ ತಿಂಗಳು ಪೂರ್ತಿ ಬಿಲ್ ನಿಮ್ಮ ಮೇಲೇ. ನಾನು ಏಪ್ರಿಲ್, ಮೇ ತಿಂಗಳಲ್ಲಿ ಮೀಟರ್ ನೋಡಿಕೊಂಡು, ಸೊಸೈಟಿಯಲ್ಲಿ ಕೇಳಿ ವಾರಕ್ಕೆ ಒಂದೆರಡು ದಿನ ಅಲ್ಲಿ ಚಾರ್ಜಿಗೆ ಹಾಕಿದೆ. ಅದಕ್ಕೆ ತಿಂಗಳಿಗೆ ಇಷ್ಟು ಅಂತ ಸೊಸೈಟಿಗೆ ಕಟ್ಟಿ ರಸೀದಿಯನ್ನೂ ತಗೊಂಡೆ, ಲೆಕ್ಕ ಬರೆಯುವವಳೇ ಕರೆಂಟ್ ಕದ್ದಳು ಅನ್ನಿಸಿಕೊಳ್ಳುವುದು ಬೇಡ. ಪೂರ್ತಿ ದುಡ್ಡು ಕೊಟ್ಟರೂ ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು, ತಿಂಗಳಿಗೆ 240-250. ಪೆಟ್ರೋಲಿನ ಮೂರು ಸಾವಿರದ ಮುಂದೆ ಇದಕ್ಕೆ ಯಾರೂ ತಕರಾರು ಮಾಡುವುದಿಲ್ಲ ಅಲ್ವಾ?

ಇನ್ನು ರೇಂಜ್. ಗಾಡಿ ಬಂದ ಹೊಸದರಲ್ಲಿ ಸ್ಕ್ರೀನ್ ಮೇಲೆ "ಇನ್ನು ಇಷ್ಟು ಕಿಮೀ" ಅಂತ ತೋರಿಸುವ ಅಂಕಿಯನ್ನೇ ನೋಡುತ್ತ ಓಡಿಸುವುದು ಎಲ್ಲರ ಅಭ್ಯಾಸ. ಅದು ನೀವು ಇತ್ತೀಚೆಗೆ ಓಡಿಸಿದ ರೀತಿ ನೋಡಿ ಮುಂದಿನದನ್ನು ಊಹೆ ಮಾಡುತ್ತದೆ, ಅಷ್ಟೇ. ಊರೊಳಗೆ ನಿಧಾನ ಓಡಾಡಿ ಬಂದಿದ್ದರೆ 95 ಅಂತ ಜಂಬ ಕೊಚ್ಚುತ್ತದೆ, ಹೈವೇ ಹತ್ತಿದ ಮೇಲೆ ಒಂದು ಕಿಲೋಮೀಟರ್ ಓಡಿದರೆ ಎರಡು ಕಿಲೋಮೀಟರ್ ಇಳಿಯುತ್ತದೆ. ನಾನು ನೋಡುವುದು ಪರ್ಸೆಂಟ್ ಮಾತ್ರ. ಗಾಳಿ ಇಲ್ಲದ ದಿನ 45ರ ಹತ್ತಿರದ ವೇಗದಲ್ಲಿ ಹೋದರೆ ತಿಕೋಟಾಕ್ಕೆ 19-20 ಪರ್ಸೆಂಟ್, ಬರಲೂ ಅಷ್ಟೇ.

ವೇಗ ಒಂದನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಗಾಡಿ ಖರ್ಚು ಮಾಡುವ ಕರೆಂಟ್ ಎರಡು ಕಡೆ ಹೋಗುತ್ತದೆ. ಒಂದು ಟೈರು ರಸ್ತೆಗೆ ಉಜ್ಜುವುದಕ್ಕೆ, ಇದು ನೀವು ನಿಧಾನ ಹೋದರೂ ಜೋರು ಹೋದರೂ ಕಿಲೋಮೀಟರಿಗೆ ಹೆಚ್ಚು ಕಡಿಮೆ ಅಷ್ಟೇ. ಇನ್ನೊಂದು ಗಾಳಿಯನ್ನು ಸೀಳುವುದಕ್ಕೆ, ಇದು ವೇಗದ ವರ್ಗದಂತೆ, ಅಂದರೆ ವೇಗ ಗುಣಿಸು ವೇಗದ ಲೆಕ್ಕದಲ್ಲಿ, ಏರುತ್ತದೆ. 40ರಿಂದ 60ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಗಾಳಿಯ ಅಡ್ಡಿ ಎರಡೂಕಾಲು ಪಟ್ಟು. ಒಂದು ದಿನ ತಡ ಆಯಿತು ಅಂತ ಸ್ಪೋರ್ಟ್ ಮೋಡಿಗೆ ಹಾಕಿ 60-65ರಲ್ಲಿ ಹೋದೆ. ಮೂವತ್ತು ಪರ್ಸೆಂಟ್ ಹೋಯಿತು. ಉಳಿದ ಸಮಯ ಏಳೆಂಟು ನಿಮಿಷ.

ಆಷಾಢ ಬಂದಾಗ ಆ ದ್ರಾಕ್ಷಿ ಅಂಗಡಿಯ ಹುಡುಗ ಹೇಳಿದ್ದು ಪೂರ್ತಿ ಅರ್ಥ ಆಯಿತು. ಎದುರುಗಾಳಿ ಇದ್ದರೆ ನಿಮ್ಮ ವೇಗಕ್ಕೆ ಗಾಳಿಯ ವೇಗ ಕೂಡುತ್ತದೆ. ನೀವು 45ರಲ್ಲಿ ಹೋಗುತ್ತಿದ್ದೀರಿ, ಗಾಳಿ 20ರಲ್ಲಿ ಎದುರು ಬರುತ್ತಿದೆ ಅಂದರೆ ಗಾಡಿಯ ಪಾಲಿಗೆ ಅದು 65. ತೊರವಿ ದಾಟಿ ಬಯಲಿಗೆ ಬಿದ್ದ ಕೂಡಲೇ ಎದೆಗೆ ಯಾರೋ ಕೈ ಇಟ್ಟು ಹಿಂದಕ್ಕೆ ತಳ್ಳಿದ ಹಾಗೆ ಆಗುತ್ತದೆ. ಸೆರಗು, ದುಪಟ್ಟಾ ಎಲ್ಲ ಬಿಗಿಯಾಗಿ ಕಟ್ಟಿಕೊಂಡಿರಬೇಕು. ಗಾಳಿ ಜೋರಿದ್ದ ದಿನಗಳಲ್ಲಿ ತಿಕೋಟಾ ಮುಟ್ಟುವಷ್ಟರಲ್ಲಿ 35 ಪರ್ಸೆಂಟ್ ಖಾಲಿ. ಅದೇ ಸಂಜೆ ಬರುವಾಗ ಗಾಳಿ ಬೆನ್ನಿಗೆ, 13-14 ಪರ್ಸೆಂಟ್‌ನಲ್ಲಿ ಮನೆ.

ಹೋಗುವಾಗ ಕಳೆದದ್ದು ಬರುವಾಗ ಸಿಗುತ್ತದೆ, ಲೆಕ್ಕ ಸರಿಹೋಯಿತು ಅಂತ ನಮ್ಮ ಕ್ಯಾಷಿಯರ್ ಅಕ್ಕ ಅಂದರು. ಸರಿ ಹೋಗುವುದಿಲ್ಲ. ಕೂಡಿ ನೋಡಿ, 48 ಪರ್ಸೆಂಟ್ ಆಯಿತು. ಗಾಳಿ ಇಲ್ಲದ ದಿನ 39. ಕಾರಣ ಆ ವರ್ಗವೇ. ಹೋಗುವಾಗ 65ರ ವರ್ಗ 4,225, ಬರುವಾಗ 25ರ ವರ್ಗ 625, ಎರಡರ ಸರಾಸರಿ 2,425. ಗಾಳಿ ಇಲ್ಲದಿದ್ದರೆ 45ರ ವರ್ಗ 2,025. ಎದುರುಗಾಳಿ ಕಿತ್ತುಕೊಂಡಷ್ಟನ್ನು ಬೆನ್ನಗಾಳಿ ತಿರುಗಿ ಕೊಡುವುದಿಲ್ಲ. ನಾನು ಇದನ್ನು ಪಾಸ್‌ಬುಕ್ಕಿನ ಹಿಂದೆ ಬರೆದು ತೋರಿಸಿದೆ. ಅಕ್ಕ "ಸುಮ್ನ ಓಡ್ಸು ನೀ" ಅಂದರು.

ಈ ದಿನಗಳಲ್ಲಿ ನಾನು ಮಾಡುವುದು ಇಷ್ಟೇ: ಹೋಗುವಾಗ 38-40ರಲ್ಲಿ ಹೋಗುತ್ತೇನೆ, ಹತ್ತು ನಿಮಿಷ ಮೊದಲು ಮನೆ ಬಿಡುತ್ತೇನೆ. ಟೈರಿನ ಗಾಳಿ ಎರಡು ವಾರಕ್ಕೊಮ್ಮೆ ನೋಡಿಸುತ್ತೇನೆ. ಟೈರ್ ಮೆತ್ತಗಾದರೆ ಎರಡು ಮೂರು ಪರ್ಸೆಂಟ್ ಗೊತ್ತಾಗದ ಹಾಗೆ ಹೋಗುತ್ತದೆ. ಬ್ರೇಕ್ ಹಿಡಿದಾಗ ಕರೆಂಟ್ ತಿರುಗಿ ಬ್ಯಾಟರಿಗೆ ಹೋಗುತ್ತದೆ ಅಂತ ಸೇಲ್ಸ್ ಹುಡುಗ ತುಂಬ ಹೊಗಳಿದ್ದ. ಹೋಗುವುದು ನಿಜ, ಆದರೆ ನಮ್ಮ ಸಪಾಟು ರಸ್ತೆಯಲ್ಲಿ ಬ್ರೇಕ್ ಹಿಡಿಯುವುದೇ ಕಡಿಮೆ. ಬ್ಯಾಟರಿ ನೂರಕ್ಕೆ ನೂರು ತುಂಬಿದ್ದಾಗ ಹಾಕಲು ಜಾಗ ಇಲ್ಲದೆ ಅದು ಕೆಲಸವನ್ನೇ ಮಾಡುವುದಿಲ್ಲ.

ಬಿಸಿಲು ರೇಂಜಿಗಿಂತ ಬ್ಯಾಟರಿಯ ಆಯುಷ್ಯಕ್ಕೆ ಕೆಟ್ಟದ್ದು. ವಿಜಯಪುರದ ಬೇಸಿಗೆ 40 ದಾಟುತ್ತದೆ. ಬಿಸಿಲಲ್ಲಿ ನಿಂತ ಗಾಡಿಯನ್ನು ಓಡಿಸಿಕೊಂಡು ಬಂದು ಕೂಡಲೇ ಪ್ಲಗ್ ಹಾಕಿದರೆ ಕಾದ ಸೆಲ್ ಇನ್ನೂ ಕಾಯುತ್ತದೆ. ಮನೆಗೆ ಬಂದ ಮೇಲೆ ಒಂದು ತಾಸು ನೆರಳಲ್ಲಿ ಬಿಟ್ಟು, ಊಟ ಮುಗಿಸಿ ಚಾರ್ಜಿಗೆ ಹಾಕುತ್ತೇನೆ. ದಿನಾ 100 ಮಾಡುವುದಿಲ್ಲ, 85-90ಕ್ಕೆ ನಿಲ್ಲಿಸುತ್ತೇನೆ, ಆಷಾಢದಲ್ಲಿ ಮಾತ್ರ ಪೂರ್ತಿ. ಪೂರ್ತಿ ತುಂಬಿಸಿ ಬಿಸಿಯಲ್ಲಿ ಇಡುವುದು ಲಿಥಿಯಂ ಸೆಲ್‌ಗೆ ಆಗಿಬರುವುದಿಲ್ಲ. ಎಲ್‌ಎಫ್‌ಪಿ ಅನ್ನುವ ಜಾತಿಯ ಸೆಲ್ ಇದ್ದರೆ ಬಿಸಿಯನ್ನು ಸ್ವಲ್ಪ ಚೆನ್ನಾಗಿ ತಡೆಯುತ್ತದೆ, ಜಾಸ್ತಿ ಸಲ ಚಾರ್ಜ್ ಆಗುತ್ತದೆ, ಆದರೆ ತೂಕ ಜಾಸ್ತಿ. ಎನ್‌ಎಂಸಿ ಹಗುರ, ಅಷ್ಟೇ ಜಾಗದಲ್ಲಿ ಜಾಸ್ತಿ ಯೂನಿಟ್ ಹಿಡಿಯುತ್ತದೆ. ಅಗ್ಗದ ಗಾಡಿಗಳಲ್ಲಿ ಬರುವ ಲೆಡ್ ಆಸಿಡ್ ಬ್ಯಾಟರಿ ಬೇರೆಯೇ ಕಥೆ. ಜೋರಾಗಿ ಕರೆಂಟ್ ಎಳೆದಷ್ಟೂ ಅದು ಬರೆದಿದ್ದಕ್ಕಿಂತ ಕಡಿಮೆ ಕೊಡುತ್ತದೆ, ಪೂರ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಮೇಲೆ ಹೇಳಿದ 1.15 ಯೂನಿಟ್‌ನ ಗಾಡಿ ಲೆಡ್ ಆಸಿಡ್ ಆಗಿದ್ದರೆ ಅದರಲ್ಲಿ ಮುಕ್ಕಾಲು ಯೂನಿಟ್ ನಿಮ್ಮದು ಅಂತ ಹಿಡಿಯಿರಿ.

ವಾರಂಟಿ ಕಾಗದದಲ್ಲಿ ವರ್ಷ ಎಷ್ಟು ಅನ್ನುವುದರ ಜೊತೆ ಇನ್ನೊಂದು ಸಾಲು ಹುಡುಕಿ: ಬ್ಯಾಟರಿ ಎಷ್ಟು ಪರ್ಸೆಂಟ್‌ಗೆ ಇಳಿದರೆ ಬದಲಿಸಿ ಕೊಡುತ್ತಾರೆ. ಕೆಲವರು 70 ಅಂತ ಬರೆದು ಕೊಡುತ್ತಾರೆ. ಏನೂ ಬರೆಯದೆ ಬರೀ "8 ವರ್ಷ" ಅಂದರೆ ಬ್ಯಾಟರಿ ಪೂರ್ತಿ ಸತ್ತಾಗ ಮಾತ್ರವೋ ಅಥವಾ ಹಿಡಿತ ಕಡಿಮೆಯಾದಾಗಲೂ ಬರುತ್ತದೋ ಅಂತ ಕೇಳಲೇಬೇಕು.

ಬೆಳಗಾವಿಯಲ್ಲಿರುವ ನನ್ನ ತಮ್ಮ ಈಗ ಗಾಡಿ ನೋಡುತ್ತಿದ್ದಾನೆ. "ಅಕ್ಕಾ, ನಿಂದೇ ತಗೋತೀನಿ, ಲಿಂಕ್ ಕಳ್ಸು" ಅಂದ. ಲಿಂಕ್ ಕಳಿಸಲಿಲ್ಲ, ನಿನ್ನ ರಸ್ತೆ ಹೇಳು ಅಂದೆ. ತಿಲಕವಾಡಿಯಲ್ಲಿ ಮನೆ, ಉದ್ಯಮಬಾಗ್‌ನಲ್ಲಿ ಕೆಲಸ, ದಿನಕ್ಕೆ ಹದಿನೈದು ಕಿಲೋಮೀಟರ್ ದಾಟುವುದಿಲ್ಲ. ಅಲ್ಲಿ ಏರು ಇಳಿವು ಇದೆಯಲ್ಲ ಅಂತ ಅವನ ಅನುಮಾನ. ಗಾಡಿ, ಮನುಷ್ಯ ಸೇರಿ 200 ಕಿಲೋ ಅಂದರೆ 100 ಮೀಟರ್ ಎತ್ತರ ಏರಲು ಮೋಟಾರ್‌ನ ನಷ್ಟ ಸೇರಿ ಒಂದು ಯೂನಿಟ್ಟಿನ ಹದಿನಾರನೇ ಒಂದು ಪಾಲು ಬೇಕು, ಸಪಾಟು ರಸ್ತೆಯ ಎರಡು ಕಿಲೋಮೀಟರ್ ಖರ್ಚು. ಅವನ ರಸ್ತೆಯಲ್ಲಿ ಅಷ್ಟು ಏರೂ ಇಲ್ಲ. ಅವನಿಗೆ 2.2 ಸಾಕು, ವಾರಕ್ಕೆ ಎರಡು ಮೂರು ಸಲ ಚಾರ್ಜ್ ಮಾಡಿದರೂ ನಡೆಯುತ್ತದೆ. ಉಳಿದ ದುಡ್ಡಿನಲ್ಲಿ ಮೊದಲು ಗಾಡಿ ನಿಲ್ಲಿಸುವ ಕಡೆ ತಗಡು ಹಾಕಿಸು ಅಂದೆ. ಬೆಳಗಾವಿ ಮಳೆಯಲ್ಲಿ ಗಾಡಿ ತಡೆದುಕೊಳ್ಳುತ್ತದೆ, ಬಯಲಲ್ಲಿ ಬಿಟ್ಟ ಪ್ಲಗ್ಗು, ಚಾರ್ಜರು ತಡೆಯುವುದಿಲ್ಲ. ಮನೆ ಮಾಲೀಕರನ್ನು ಕೇಳಿದ್ದಾನಂತೆ. ತಗಡು ಹಾಕಿಸಬಹುದು, ಮೀಟರ್ ಮಾತ್ರ ಬೇರೆ ಮಾಡಿಸಿಕೋ ಅಂದಿದ್ದಾರಂತೆ. ಅದರ ಅರ್ಜಿ ಹಾಕಿ ಆಮೇಲೆ ಬುಕ್ ಮಾಡುತ್ತಾನೆ.